ಮೊದಲ ಮೇವು ಮನೆಯ ದನದ್ದು

ಯುಗಾದಿಯ ವಾರ ಬಂತೆಂದರೆ ನನ್ನ ಮೊಬೈಲು ಹಸಿರಾಗುತ್ತದೆ. ಉದಗೀರದ ನಮ್ಮ ಶಾಲೆಯ ಗುಂಪಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಒಬ್ಬರಾದ ಮೇಲೆ ಒಬ್ಬರು ಚಿಗುರೆಲೆಯ ಚಿತ್ರ ಕಳಿಸುತ್ತಾರೆ. ಎಲೆಯ ಮೇಲೆ ಒಂದು ಹನಿ ನೀರು, ಕೆಳಗೆ ಮರಾಠಿಯಲ್ಲೋ ಕನ್ನಡದಲ್ಲೋ ಶುಭಾಶಯ. ನಾನು ಒಂದಕ್ಕೂ ಉತ್ತರ ಕೊಡುವುದಿಲ್ಲ. ಜೊತೆಯ ಶಿಕ್ಷಕಿಯೊಬ್ಬರು ಒಮ್ಮೆ ನಿಮಗೆ ಹಬ್ಬ ಅಂದರೆ ಆಗುವುದಿಲ್ಲವೇ ಎಂದು ಕೇಳಿದರು. ಹಬ್ಬ ಯಾಕೆ ಆಗುವುದಿಲ್ಲ? ಹೋಳಿಗೆ ಕೊಟ್ಟರೆ ತುಪ್ಪ ಕೇಳಿ ಹಾಕಿಸಿಕೊಂಡು ತಿನ್ನುತ್ತೇನೆ. ನನಗೆ ಆಗದ್ದು ಆ ಎಲೆ.

ಪುಸ್ತಕದಲ್ಲಿ ಬರುವ ವಸಂತ ಯಾವ ಊರಿನಲ್ಲಿ ಇಳಿಯುತ್ತದೋ ಗೊತ್ತಿಲ್ಲ. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ, ಮರಾಠಿ ನಾಡಿನ ಅಂಚಿನ ಈ ಕರಿಮಣ್ಣಿನ ಸೀಮೆಯಲ್ಲಿ ಅದು ಕಾಲಿಟ್ಟದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಹೋಳಿ ಮುಗಿಯುವುದೇ ತಡ, ಬೆಳಗಿನ ಹೊತ್ತಿಗೇ ಬಿಸಿಗಾಳಿ ಕೆನ್ನೆಗೆ ಬಾರಿಸುತ್ತದೆ. ಸುಂಟರಗಾಳಿ ಎದ್ದು ಕಣದ ಹೊಟ್ಟನ್ನೆಲ್ಲ ಕಣ್ಣಿಗೆ ತುಂಬುತ್ತದೆ. ಕುಸುಬಿಯ ಮುಳ್ಳು ಸೀರೆಯ ಅಂಚು ಹಿಡಿದು ಮನೆಯವರೆಗೂ ಬರುತ್ತದೆ. ಬೇವಿನ ಮರ ಇದ್ದಬದ್ದ ಎಲೆಯನ್ನೆಲ್ಲ ಅಂಗಳಕ್ಕೆ ಸುರಿದು, ಗುಡಿಸಿ ಗುಡಿಸಿ ನಮ್ಮ ಸೊಂಟ ಬಿದ್ದುಹೋದ ಮೇಲೆ ತಾನು ಹೊಸ ಬಟ್ಟೆ ತೊಟ್ಟು ನಿಲ್ಲುತ್ತದೆ. ಮುತ್ತಲದ ಹೂ ಕೆಂಪಗೆ ಅರಳುತ್ತದೆ, ಅದು ನಿಜ. ಮೂಗಿಗೆ ಹಿಡಿದು ನೋಡಿ, ವಾಸನೆಯೇ ಇಲ್ಲ. ಬರೀ ಬೆಡಗು.

ಇಷ್ಟಕ್ಕೇ ಆಗಿದ್ದರೆ ನಾನು ಎಲ್ಲರ ಹಾಗೆ ಬೈದುಕೊಂಡು ಸುಮ್ಮನಿರುತ್ತಿದ್ದೆ. ನನ್ನ ಜಗಳ ಚಿಗುರಿನ ಜೊತೆಗೆ. ಅದಕ್ಕೂ ಹೆಚ್ಚಾಗಿ, ಆ ಚಿಗುರನ್ನು ನೋಡಿಯೂ ನೋಡದ ಹಾಗೆ ನಿಂತ ಒಬ್ಬ ಮನುಷ್ಯನ ಜೊತೆಗೆ.

ನಮ್ಮದು ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ತವರು ನಿಲಂಗಾದ ಹತ್ತಿರದ ಒಂದು ಹಳ್ಳಿ. ಒಂದಿಷ್ಟು ಹೊಲವಿದೆ, ಆದರೆ ಮನೆ ನಿಂತಿದ್ದು ಕುರಿಯ ಮೇಲೆ. ಅಪ್ಪ ತೀರಿಕೊಂಡ ಮೇಲೆ ಹಿಂಡನ್ನು ಅವ್ವ ನೋಡಿಕೊಂಡಳು, ಆಮೇಲೆ ಅಣ್ಣ ಕೋಲು ಹಿಡಿದ. ನಾನು ಓದಿ, ಶಿಕ್ಷಕಿಯಾಗಿ, ಮದುವೆಯಾಗಿ ಉದಗೀರಕ್ಕೆ ಬಂದೆ.

ಹಿಂಗಾರಿ ಜೋಳ ಕೊಯ್ದಾದ ಮೇಲೆ ಹೊಲಗಳು ಬಯಲಾಗುತ್ತವೆ. ಆಗ ಹೊಲದ ಮಾಲಕರು ಕುರಿಯವರನ್ನು ಕರೆಯುತ್ತಾರೆ. ಹಗಲು ಕುರಿ ಕೊಯ್ದುಳಿದ ಕೂಳೆ ಮೇಯಬೇಕು, ರಾತ್ರಿ ಅದೇ ಹೊಲದಲ್ಲಿ ಕೂಡಬೇಕು. ಹಿಕ್ಕೆ, ಉಚ್ಚೆ ಬಿದ್ದ ಹೊಲ ಮುಂದೆ ಎರಡು ವರ್ಷ ಬೇರೆ ಗೊಬ್ಬರ ಕೇಳುವುದಿಲ್ಲ. ಕುರಿಯವರಿಗೆ ಮೇವು, ಒಂದಿಷ್ಟು ಜೋಳ, ಹೊಲದವರಿಗೆ ಗೊಬ್ಬರ. ಇದಕ್ಕೆ ಕಾಗದ-ಪತ್ರ ಇಲ್ಲ, ಒಂದು ರೂಢಿ ಮಾತ್ರ ಇದೆ. ಕೊಯ್ದ ಹೊಲದಲ್ಲಿ ಮೊದಲು ಮೇಯಬೇಕಾದದ್ದು ಮಾಲಕನ ಮನೆಯ ದನ. ಅವು ಮೇಯ್ದಾದ ಮೇಲೆಯೇ ಹೊರಗಿನ ಕುರಿ. ಹಿಂಡು ಒಳಗೆ ಬಿಡುವ ಮೊದಲು ಕುರಿಯವನು ಬದುವಿನ ಮೇಲೆ ನಿಂತು "ನಿಮ್ಮ ದನ ಮೇಯ್ದಾವೇನ್ರಿ?" ಎಂದು ಕೇಳಬೇಕು. ಮಾಲಕ "ಮೇಯ್ದಾವ" ಎನ್ನಬೇಕು. ಕೇಳದೆ ಹಿಂಡು ಬಿಟ್ಟವನು ಕುರಿಯವನೇ ಅಲ್ಲ, ಅವನನ್ನು ಮುಂದೆ ಯಾರೂ ತಮ್ಮ ಹೊಲಕ್ಕೆ ಕರೆಯುವುದಿಲ್ಲ.

ಮೇಲುನೋಟಕ್ಕೆ ಇದು ಮಾಲಕನಿಗೆ ಕೊಡುವ ಮರ್ಯಾದೆ, ಒಳ್ಳೆಯ ಮೇವು ಮೊದಲು ಅವನ ಕೊಟ್ಟಿಗೆಗೆ ಸಿಗಲಿ ಅಂತ. ಅವ್ವ ಹೇಳುತ್ತಿದ್ದ ಕಾರಣ ಬೇರೆ. ಕೊಯ್ದ ಜೋಳದ ಕೂಳೆಗೆ ನೀರು ತಾಕಿದರೆ ಬುಡದಿಂದ ಹೊಸ ಚಿಗುರು ಒಡೆಯುತ್ತದೆ. ಎಳೆಯದು, ಹಸಿರು, ನೋಡಿದರೆ ಮನುಷ್ಯರಿಗೇ ಬಾಯಿಗೆ ಹಾಕಿಕೊಳ್ಳಬೇಕು ಅನಿಸುತ್ತದೆ. ಅದರಲ್ಲಿ ನಂಜಿರುತ್ತದೆ. ಹಸಿದ ಕುರಿ ಹೊಟ್ಟೆತುಂಬ ಮೇಯ್ದರೆ ನಿಂತಲ್ಲೇ ಬೀಳುತ್ತದೆ. ಒಮ್ಮೊಮ್ಮೆ ಏನೂ ಆಗುವುದಿಲ್ಲ, ಒಮ್ಮೊಮ್ಮೆ ಹಿಂಡೇ ಹೋಗುತ್ತದೆ. ಹೊರಗಿನಿಂದ ನೋಡಿದರೆ ಹೇಳಲಾಗದು. ಅದಕ್ಕೇ ಮಾಲಕನ ದನ ಮೊದಲು. ತನ್ನ ದನವನ್ನು ಯಾರೂ ನಂಜಿಗೆ ಬಿಡುವುದಿಲ್ಲವಲ್ಲ.

ಐದಾರು ವರ್ಷದ ಹಿಂದಿನ ಮಾತು. ಆ ವರ್ಷ ಹೋಳಿಯ ಹುಣ್ಣಿಮೆಯ ಆಚೀಚೆ ಆಲಿಕಲ್ಲು ಸಮೇತ ಮಳೆ ಹೊಡೆದಿತ್ತು. ಮಾವಿನ ಹೂ ನೆಲ ಕಂಡಿತು. ನಾನು ಯುಗಾದಿಗೆಂದು ತವರಿಗೆ ಹೋದಾಗ, ಊರ ಹಳ್ಳದ ದಂಡೆಗಿರುವ ಒಂದು ದೊಡ್ಡ ಹೊಲಕ್ಕೆ ಅಣ್ಣನಿಗೆ ಕರೆ ಬಂದಿತ್ತು. ನಮ್ಮ ಅಜ್ಜನ ಕಾಲದಿಂದಲೂ ನಮ್ಮ ಹಿಂಡು ಕೂಡುತ್ತಿದ್ದ ಹೊಲ ಅದು. ಮಾಲಕ ಊರಿನಲ್ಲಿ ತಲೆತಲಾಂತರದಿಂದ ಇದ್ದ ಮನೆತನದವನು. ದಿನಾ ಹಣೆತುಂಬ ವಿಭೂತಿ ಬಳಿದುಕೊಂಡೇ ಹೊರಗೆ ಬರುತ್ತಿದ್ದ. ಕೊಟ್ಟಿಗೆಯಲ್ಲಿ ದೇವಣಿ ತಳಿಯ ಒಂದು ಆಕಳು ಇತ್ತು. ಬಿಳಿ ಮೈಮೇಲೆ ಕಪ್ಪು ಮಚ್ಚೆ, ಇಳಿಬಿದ್ದ ಗಂಗೆದೊಗಲು. ಜಾನುವಾರು ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದಾಗ ಊರೆಲ್ಲ ಪೇಡೆ ಹಂಚಿದ್ದ. ಹೆಂಡತಿಯ ಆರೋಗ್ಯ ಕೇಳಿದರೂ ಆ ಆಕಳಿನ ಆರೋಗ್ಯ ಹೇಳುತ್ತಾನೆ ಎಂದು ಜನ ನಗುತ್ತಿದ್ದರು.

ಹಬ್ಬದ ಹಿಂದಿನ ದಿನ ಅವನೇ ನಮ್ಮ ಮನೆಗೆ ಬಂದ. ಮಳೆಯಿಂದ ನೆಲ ಹದವಾಗಿದೆ, ಬೇಗ ನೇಗಿಲು ಹೂಡಬೇಕು, ಅದಕ್ಕೂ ಮೊದಲು ಕುರಿ ಕೂಡಬೇಕು, ಅವನಿಗೆ ಅವಸರ.

"ನಾಳೀಗೇ ಬರ್ರಿಬೇ," ಎಂದ ಅವ್ವನಿಗೆ. "ಪಾಡವಾ ಅದ, ಛಲೋ ದಿನ."

ಪಾಡವಾ ಅಂದರೆ ಯುಗಾದಿ. ಆ ದಿನ ನಮ್ಮಲ್ಲಿ ಪೂಜೆ ಆಗುವ ತನಕ ಕುರಿಗಳನ್ನು ಹೊರಗೆ ಬಿಡುವುದಿಲ್ಲ. ಬೀರಪ್ಪನ ಕಲ್ಲಿಗೆ ಭಂಡಾರ ಏರಿಸಿ, ಅದೇ ಭಂಡಾರವನ್ನು ಮುಂದಾಳು ಕುರಿಯ ಹಣೆಗೆ ಹಚ್ಚಿ, ಆಮೇಲೆ ದೊಡ್ಡಿಯ ಬಾಗಿಲು ತೆಗೆಯಬೇಕು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅವ್ವ ನಸುಕಿನಲ್ಲೇ ದೊಡ್ಡ ಕೊಡದಲ್ಲಿ ಬೇವು ಕಲಸಿಟ್ಟಿದ್ದಳು. ನಮ್ಮ ಕಡೆ ಬೇವು ಅಂದರೆ ಕುಡಿಯುವುದು: ಹುಣಸೆ ನೀರಿಗೆ ಕೈತುಂಬ ಬೆಲ್ಲ, ಮೇಲೆ ಬೇವಿನ ಹೂ, ಪುಟಾಣಿ ಅಂದರೆ ಹುರಿಗಡಲೆ. ಹೊಲದಿಂದ ಅಣ್ಣ ಬಂದ ಮೇಲೆ ಎಲ್ಲರೂ ಕೂಡಿ ಕುಡಿಯೋಣ ಎಂದು ಮುಚ್ಚಿಟ್ಟಳು.

ನಾನು ಹೊಲ ನೋಡುವ ಆಸೆಗೆ ಅಣ್ಣನ ಜೊತೆ ಹೊರಟೆ. ಹಸಿದ ಕುರಿಗಳು ಓಡುತ್ತಲೇ ಬಂದವು. ಬದು ಮುಟ್ಟಿದಾಗ ಅಣ್ಣ ಕೋಲು ಅಡ್ಡ ಹಿಡಿದು ನಿಲ್ಲಿಸಿದ. ಕೂಳೆಯ ಸಾಲುಗಳಲ್ಲಿ ಹಸಿರು ಕಾಣುತ್ತಿತ್ತು, ಮಳೆಗೆ ಒಡೆದ ಚಿಗುರು. ಹೊಲದ ಆಚೆ ಬದಿಯ ಜಾಲಿ ಮರದ ನೆರಳಲ್ಲಿ ಮಾಲಕ ನಿಂತಿದ್ದ.

"ಮಾಲಕ್ರೀ, ಚಿಗುರು ಒಡದಾವಲ್ರಿ! ನಿಮ್ಮ ದನ ಮೇಯ್ದಾವೇನ್ರಿ?" ಅಣ್ಣ ಕೂಗಿ ಕೇಳಿದ.

"ಮೇಯ್ದಾವ, ಮೇಯ್ದಾವ! ನಿನ್ನಿ ಇಡೀ ದಿನ ಮೇಯ್ದಾವ. ಬಿಡೋ ತಮ್ಮಾ!"

ಈ ಮಾತನ್ನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ. ಗಾಳಿ ಅವನ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು, ಒಂದಕ್ಷರವೂ ತಪ್ಪಿಲ್ಲ. ಅಣ್ಣ ಕೋಲು ಎತ್ತಿದ.

ಸ್ವಲ್ಪ ಹೊತ್ತಿಗೆ ಮುಂದಾಳು ಕುರಿ ತಲೆ ಎತ್ತಿ ಬಾಯಿ ತೆರೆಯಿತು. ಹಣೆಯ ಮೇಲೆ ಬೆಳಗಿನ ಭಂಡಾರ ಇನ್ನೂ ಹಾಗೇ ಇತ್ತು. ಉಸಿರಿಗೆ ಒದ್ದಾಡಿ, ಮುಂಗಾಲು ಮಡಚಿ, ಪಕ್ಕಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಎಲ್ಲಿ ನೋಡಿದರೂ ಅದೇ. ಅಣ್ಣ ಹೋ ಎಂದು ಅರಚುತ್ತ ಉಳಿದವನ್ನು ಹೊಡೆದು ಹೊಡೆದು ಹೊರಗೆ ಅಟ್ಟಿದ. ಹಸಿವು ಬಿಡಬೇಕಲ್ಲ, ಏಟು ತಿನ್ನುತ್ತಲೇ ಅವು ಇನ್ನೊಂದು ಬಾಯಿ ಕಿತ್ತುಕೊಳ್ಳುತ್ತಿದ್ದವು. ನಾನು ಮನೆಗೆ ಫೋನ್ ಮಾಡಿದೆ. ದನದ ಡಾಕ್ಟರಿಗೂ ಮಾಡಿದೆ. ಹಬ್ಬದ ರಜೆಗೆ ಊರಿಗೆ ಹೋಗಿದ್ದೇನೆ, ಬೇರೆಯವರನ್ನು ಕಳಿಸುತ್ತೇನೆ, ಅಲ್ಲಿಯವರೆಗೆ ಬೆಲ್ಲದ ನೀರು ಕುಡಿಸಿ ಎಂದರು.

ಮರಿಯೊಂದನ್ನು ಎತ್ತಿಕೊಂಡು ನೆರಳಿಗೆಂದು ಜಾಲಿ ಮರದ ಕಡೆ ಓಡಿದೆ. ಆಗ ಕಂಡದ್ದು ಆ ದೇವಣಿ ಆಕಳು. ಮರದ ಬುಡಕ್ಕೆ ಕಟ್ಟಿತ್ತು. ಮುಂದೆ ಜೋಳದ ಒಣ ದಂಟಿನ ಕಣಕಿಯ ಹೊರೆ. ಹಗ್ಗವೋ, ಮೊಳಕೈಯುದ್ದ. ಚಿಗುರು ಅದರ ಮೂತಿಯಿಂದ ಎರಡು ಮಾರು ದೂರದಲ್ಲಿತ್ತು, ಆಕಳು ಅತ್ತ ಕತ್ತು ಚಾಚಿ ಚಾಚಿ ಹಗ್ಗ ಜಗ್ಗುತ್ತಿತ್ತು. ಆ ಸುತ್ತಿನಲ್ಲಿ ಒಂದು ಎಲೆಯನ್ನೂ ಯಾವ ದನವೂ ಮುಟ್ಟಿರಲಿಲ್ಲ. ಹಸಿರಿನ ನಡುವೆ ನಿಂತ ಆಕಳಿಗೆ ಒಣ ಕಣಕಿ! ನನ್ನ ಮೈ ಉರಿದುಹೋಯಿತು.

ಅವ್ವ ಬೇವಿನ ಕೊಡವನ್ನೇ ಹೊತ್ತುಕೊಂಡು ಓಡಿ ಬಂದಳು. ಮನೆಯಲ್ಲಿ ಕಲಸಿದ ಬೆಲ್ಲದ ನೀರು ಅಂತ ಇದ್ದದ್ದು ಅದೊಂದೇ. ನೀರಿನ ಖಾಲಿ ಬಾಟಲಿಗೆ ತುಂಬಿ, ಕುರಿಯ ಬಾಯಿ ಅಗಲಿಸಿ, ಬೇವಿನ ಹೂ ಸಮೇತ ಗಂಟಲಿಗೆ ಸುರಿದೆವು. ವರ್ಷದ ಮೊದಲ ಬೇವು ಆ ಸಲ ಮನುಷ್ಯರಿಗೆ ಸಿಗಲಿಲ್ಲ. ಮಾಲಕನ ಹೆಂಡತಿ ಮನೆಯಿಂದ ಬೆಲ್ಲದ ಪೆಂಟಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅವ್ವನ ಪಕ್ಕ ಕೂತು, ಕಲ್ಲಿನಿಂದ ಕುಟ್ಟಿ ಕುಟ್ಟಿ ಕೊಟ್ಟಳು. ಆಕೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಂಜೆಗೆ ಬೇರೊಬ್ಬ ಡಾಕ್ಟರು ಬಂದು ಸೂಜಿ ಹಾಕಿದರು. ಅರ್ಧ ಹಿಂಡು ಉಳಿಯಿತು. ಅರ್ಧ ಹೋಯಿತು.

ಮಾಲಕ ಅಷ್ಟು ಹೊತ್ತೂ ಬದುವಿನ ಮೇಲೇ ನಿಂತಿದ್ದ. ಕೊನೆಗೆ ಬಂದು ಹೇಳಿದ್ದು ಇಷ್ಟು: "ಮಧ್ಯಾಹ್ನದ ತನಾ ಉಪಾಸ ಕೆಡವಿದ್ರ ಮತ್ತೇನಾಗ್ತದ? ಹಸದ ಕುರಿ ಮಣ್ಣ ತಿಂದ್ರೂ ಸಾಯ್ತಾವ."

ಸತ್ತ ಕುರಿಯ ಮುಂದೆ ನಿಂತು ಆಡುವ ಮಾತೇ ಇದು? ಹಸಿವು ಇತ್ತು, ಸುಳ್ಳಲ್ಲ. ಪ್ರತಿ ಯುಗಾದಿಗೂ ಇರುತ್ತದೆ. ನಾನು ಎದ್ದು ನಿಂತು, "ನಿಮ್ಮ ದನ ಮೇಯ್ದಾವ ಅಂದ್ರಿ. ಎಲ್ಲಿ ಮೇಯ್ದಾವ? ಆ ಆಕಳಿಗೆ ಗಿಡ್ಡ ಹಗ್ಗ ಯಾಕ ಕಟ್ಟೀರಿ?" ಎಂದು ಕೇಳಿದೆ.  ಅವನು ಆಕಳನ್ನು ಬಿಚ್ಚಿಕೊಂಡು ಮನೆಗೆ ಹೋದ, ಬದುವಿನ ಮೇಲೆ, ಹೊಲಕ್ಕೆ ಬಾಯಿ ತಾಗದ ಹಾಗೆ ಮೂಗುದಾಣ ಎಳೆದು ಹಿಡಿದು.

ಮರುದಿನ ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತರು. ಸತ್ತ ಕುರಿಗೆ ಏನಾದರೂ ಕೊಡಿಸುತ್ತೇವೆ ಎಂದು ಅವರು ಶುರುಮಾಡಿದಾಗ ಅವ್ವ ಕೈ ಅಡ್ಡ ಮಾಡಿದಳು.

"ನನಗ ಏನೂ ಬ್ಯಾಡ್ರಿ. ಮೇಯ್ದಾವ ಅಂತ ಅಂದಿದ್ದೆ ಅಂತ ಒಂದ್ ಮಾತ ಒಪ್ಪಲಿ. ನನ್ನ ಮಗ ಕೇಳೇ ಕುರಿ ಬಿಟ್ಟಾನ."

ಅವ್ವನಿಗೆ ಬೇಕಾಗಿದ್ದದ್ದು ಅದೊಂದೇ. ಕುರಿ ಮತ್ತೆ ಈಯುತ್ತವೆ, ಹಿಂಡು ಮತ್ತೆ ಬೆಳೆಯುತ್ತದೆ. ಆದರೆ ಕೇಳದೆ ಹೊಲಕ್ಕೆ ನುಗ್ಗಿಸಿದವನು ಎಂಬ ಹೆಸರು ಅಣ್ಣನಿಗೆ ಅಂಟಿದರೆ, ಉಳಿದ ಅರ್ಧ ಹಿಂಡಿಗೂ ಮೇವಿಲ್ಲ.

ನಮ್ಮ ಮನೆಗೆ ಬಂದು ಕನ್ನಡದಲ್ಲಿ ಕರೆದಿದ್ದ ಮನುಷ್ಯ ಕಟ್ಟೆಯ ಮುಂದೆ ಕಚೇರಿಯಲ್ಲಿ ನಿಂತವನ ಹಾಗೆ ಮರಾಠಿ ಶುರುಮಾಡಿದ. "ಮೀ ಅಸಂ ಮ್ಹಣಾಲೋಚ್ ನಾಹೀ," ಎಂದ. ನಾನು ಹಾಗೆ ಅಂದೇ ಇಲ್ಲ. ಬರ್ರಿ ಎಂದು ಹಿಂದಿನ ದಿನ ಕರೆದದ್ದು ಹೌದು, ಆದರೆ ಹೊಲದ ಹತ್ತಿರ ಅಣ್ಣ ತನ್ನನ್ನು ಕೇಳಲಿಲ್ಲ, ಸೀದಾ ಬಿಟ್ಟುಬಿಟ್ಟ ಎಂದ.

ನಾನು ಕೇಳಿದ್ದೇನೆ ಎಂದು ಎದ್ದೆ. ಒಬ್ಬ ಹಿರಿಯರು ಮೀಸೆ ತೀಡುತ್ತ ನಕ್ಕರು.

"ನೀ ಕೊಟ್ಟ ಹೆಣ್ಣಮಗಳು. ಹಬ್ಬಕ್ಕ ಬಂದೀ, ಉಂಡು ಹೋಗು. ಅಣ್ಣನ ಪರ ತಂಗಿ ಮಾತಾಡದ ಮತ್ಯಾರು ಮಾತಾಡ್ತಾರ?"

ಆಕಳಿನ ಹಗ್ಗದ ವಿಷಯ ಹೇಳಿದೆ. "ಅವನ ಆಕಳ, ಅವನ ಹಗ್ಗ," ಎಂದರು ಅದೇ ಹಿರಿಯರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ಮಾತು ತವರಿನ ಕಟ್ಟೆಯ ಮೇಲೆ ಒಂದು ಹಗ್ಗದಷ್ಟೂ ತೂಗಲಿಲ್ಲ. ಆ ನಗು ನನಗೆ ಇವತ್ತಿಗೂ ಕೇಳುತ್ತದೆ, ಇವತ್ತಿಗೂ ಹಲ್ಲು ಕಚ್ಚುತ್ತೇನೆ.

ಅವನು ಬೇಕೆಂದೇ ನಮ್ಮ ಕುರಿ ಕೊಂದ ಎಂದು ನಾನು ಹೇಳುವುದಿಲ್ಲ. ಚಿಗುರಿನಲ್ಲಿ ನಂಜಿದೆಯೋ, ಮಳೆಗೆ ತೊಳೆದುಹೋಗಿದೆಯೋ, ಅವನಿಗೂ ಖಾತ್ರಿ ಇರಲಿಲ್ಲ. ನೋಡಬೇಕಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂತಾರಲ್ಲ, ಅದನ್ನೇ ಮಾಡಿದ. ಬೇಕೆಂದೇ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೋ ಏನೋ. ವೈರಿಗಾದರೂ ನಮ್ಮ ಮೇಲೆ ಲಕ್ಷ್ಯ ಇರುತ್ತದೆ.

ಆ ವರ್ಷವಿಡೀ ಅಣ್ಣನನ್ನು ಸುತ್ತಲಿನ ಯಾವ ಹೊಲದವರೂ ಕರೆಯಲಿಲ್ಲ. ಹಿಂಡು ಹೊಡೆದುಕೊಂಡು ಜಳಕೋಟದ ಕಡೆಯ ಕಲ್ಲು ಗುಡ್ಡಗಳಿಗೆ ಹೋದ. ಮಾತು ಕಡಿಮೆ ಮಾಡಿದ. ಫೋನ್ ಮಾಡಿದರೆ "ಹೂಂ, ಅರಾಮ ಅದೀನಿ" ಅಷ್ಟೇ. ಅವ್ವ ಬೈಯುವುದನ್ನೇ ಬಿಟ್ಟಳು, ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮುಂದಿನ ಯುಗಾದಿಗೂ ನಾನು ಹೋದೆ. ಹಟಕ್ಕೆ ಹೋದೆ ಎಂದೇ ಹೇಳಬೇಕು. ಆ ವರ್ಷವೂ ಹೋಳಿಗೆ ಮಳೆ ಬಂದಿತ್ತು, ಹೊಲಗಳಲ್ಲಿ ಅದೇ ಹಾಳು ಹಸಿರು. ಬೀರಪ್ಪನ ಪೂಜೆಗೆ ಊರ ಹಿರಿಯರೆಲ್ಲ ನಮ್ಮ ದೊಡ್ಡಿಯ ಮುಂದೆ ಸೇರಿದ್ದರು, ಕಟ್ಟೆಯ ಮೇಲೆ ನಕ್ಕಿದ್ದ ಆ ಮೀಸೆಯವರೂ ಇದ್ದರು. ಪೂಜೆ ಮುಗಿದು ಅವ್ವ ಬೇವು ಕೊಡುತ್ತಿದ್ದಾಗ ಆ ಮಾಲಕ ಬಂದ. ನಾಚಿಕೆ ಅನ್ನುವುದು ಮುಖದ ಮೇಲೆ ಎಲ್ಲೂ ಇರಲಿಲ್ಲ. ವರ್ಷವಿಡೀ ಅವನ ಹೊಲದಲ್ಲೂ ಯಾರ ಕುರಿಯೂ ಕೂತಿರಲಿಲ್ಲ. ಕಟ್ಟೆಯ ಮೇಲೆ ಬಾಯಿ ಬಿಡದ ಬೇರೆ ಕುರಿಯವರು ಅವನು ಕರೆದಾಗಲೆಲ್ಲ ಒಂದಿಲ್ಲೊಂದು ನೆವ ಹೇಳಿದ್ದರು. ಬರಗಾಲದ ಹಸಿವಲ್ಲ ಅವನದು, ಗೊಬ್ಬರದ ಹಸಿವು.

ಬೇವನ್ನು ವೈರಿಗೂ ಇಲ್ಲ ಅನ್ನಬಾರದು. ಅವ್ವ ಅವನಿಗೂ ಒಂದು ಲೋಟ ಕೊಟ್ಟಳು.

"ಹಳೇದೆಲ್ಲಾ ಬಿಡ್ರಿಬೇ," ಎಂದ ಲೋಟ ಹಿಡಿದು. "ವರ್ಷದ ಮೊದಲ ದಿನ. ಕುರಿ ನಮ್ಮ ಹೊಲಕ್ಕೇ ಹೊಡೀರಿ."

"ಚಿಗುರು ಇಲ್ಲೇನ್ರಿ?" ಎಂದಳು ಅವ್ವ.

"ಅದಾವ ಒಂದೀಟು. ಮಳಿ ತೊಳದು ಹೋಗ್ಯಾವ. ಏನೂ ಆಗಂಗಿಲ್ಲ."

"ನಿಮ್ಮ ದನ ಮೇಯ್ದಾವೇನ್ರಿ?"

"ಮೇಯ್ದಾವ, ಮೇಯ್ದಾವ. ನಿನ್ನಿ ಇಡೀ ದಿನ ಮೇಯ್ದಾವ."

ಅದೇ ಮಾತು, ಅದೇ ದನಿ. ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಅವ್ವ ಕೊಡವನ್ನು ಕೆಳಗಿಟ್ಟಳು.

"ಹಂಗಾದ್ರ ಹಿಂಗ ಮಾಡ್ರಿ ಮಾಲಕ್ರ. ನಿಮ್ಮ ದೇವಣಿ ಆಕಳ ಹಗ್ಗ ಬಿಚ್ಚಿ ಹೊಲಕ್ಕ ಬಿಡ್ರಿ. ನಾವೆಲ್ಲಾರೂ ಬಂದು ಬದುವಿನ ಮ್ಯಾಲ ನಿಂತು ನೋಡ್ತೀವಿ. ಅದು ಹೊಟ್ಟಿತುಂಬ ಮೇಯಲಿ, ಅದರ ಹಿಂದ ನನ್ನ ಕುರಿ ಬರ್ತಾವ."

"ಏ ಏನ್ ಮಾತಾಡ್ತೀಬೇ! ದೇವಣಿ ಅದ ಅದು! ಆ ಚಿಗುರಿಗೆ ಅದನ್ನ ಹ್ಯಾಂಗ..."

ಅಲ್ಲಿಗೆ ನಿಂತ.  ದೊಡ್ಡಿಯೊಳಗೆ ಕುರಿಗಳು ಅರಚುತ್ತಿದ್ದವು. ಕಳೆದ ವರ್ಷ ಕಟ್ಟೆಯ ಮೇಲೆ ನಕ್ಕವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡುತ್ತಿದ್ದರು.

"ಕುಡೀರಿ ಮಾಲಕ್ರ," ಎಂದಳು ಅವ್ವ. "ಬೇವು ಕೈಯಾಗ ಹಿಡಕೊಂಡು ನಿಂದರಬಾರದು."

ಅವನು ಕುಡಿಯಲಿಲ್ಲ. ಲೋಟವನ್ನು ಕಲ್ಲಿನ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೋದ. ಇವತ್ತಿನವರೆಗೂ ನಮ್ಮ ಬಾಗಿಲಿಗೆ ಬಂದಿಲ್ಲ. ಬರುವುದೂ ಬೇಡ.

ಅವನು ತಿರುವಿನಲ್ಲಿ ಮರೆಯಾದ ಮೇಲೆ ಮೀಸೆಯವರು ಗಂಟಲು ಸರಿಮಾಡಿಕೊಂಡರು. ತಪ್ಪಾಯಿತು ಅನ್ನುವ ಮಾತು ಅವರ ವಂಶದಲ್ಲೇ ಇಲ್ಲ. ಅಣ್ಣನ ಕಡೆ ತಿರುಗಿ, "ತಮ್ಮಾ, ನಾಳಿ ನಮ್ಮ ಹೊಲಕ್ಕ ಬಾ. ನಮ್ಮ ಎತ್ತು ಖರೇನೇ ಮೇಯ್ದಾವ," ಎಂದರು.

ಅಣ್ಣ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡ. ಒಂದು ವರ್ಷದಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಮ್ಮ ತಂಗಿ ಬಂದು ನೋಡ್ತಾಳ್ರಿ. ಎತ್ತು ಮೇಯ್ದಾವೋ ಇಲ್ಲೋ, ಹಗ್ಗ ಎಷ್ಟ ಉದ್ದ ಅದ, ಎಲ್ಲಾ ನೋಡ್ತಾಳ. ಆಕಿ ಹೂಂ ಅಂದ್ರ ಬರ್ತೀನಿ."

ಎಲ್ಲರೂ ನನ್ನ ಕಡೆ ನೋಡಿದರು. ಮೀಸೆಯವರು, "ಬಾರಬೇ ಯವ್ವಾ, ನೋಡ ಬಾ," ಎಂದು ಎದ್ದು ನಿಂತರು. ನಾನು ಏಳಲಿಲ್ಲ. ನನಗೆ ಇನ್ನೊಂದು ಲೋಟ ಬೇವು ಹಾಕು ಎಂದು ಅವ್ವನಿಗೆ ಹೇಳಿ, ಕುಡಿದು, ತಳದಲ್ಲಿ ಉಳಿದ ಪುಟಾಣಿಯನ್ನು ಒಂದೊಂದಾಗಿ ಅಗಿದು ತಿಂದೆ. ಒಂದು ವರ್ಷ ನಾನು ಕಾದಿದ್ದೆ. ಅವರೂ ಬಿಸಿಲಿನಲ್ಲಿ ಸ್ವಲ್ಪ ನಿಲ್ಲಲಿ ಅಂತ.